ಡ್ಯಾಂ ಮೀನೋ, ಹೊಂಡದ ಮೀನೋ, ಕಡಲ ಮೀನೋ: ನಾಳೆಗೂ ಉಳಿಯುವ ಮೀನನ್ನು ಆರಿಸುವ ಬಗೆ

ಗಂಗಾವತಿಯ ನಮ್ಮ ಖಾನಾವಳಿಗೆ ವಾರದಲ್ಲಿ ಮೂರು ದಿನ ಮೀನು ಬೇಕು. ಕೊಳ್ಳುವ ಕೆಲಸ ಮೊದಲಿನಿಂದಲೂ ನನ್ನದು. ಶುರುವಿನ ವರ್ಷಗಳಲ್ಲಿ ನಾನು ನೋಡುತ್ತಿದ್ದದ್ದು ಎರಡೇ ಸಂಗತಿ: ಕಿವಿರು ಕೆಂಪಗಿದೆಯೇ, ದರ ಎಷ್ಟು. ಒಂದು ಮಳೆಗಾಲ ಬಾಳೆಮೀನು ರಾಶಿರಾಶಿ ಬಂತು. ಹೊಟ್ಟೆ ಸೀಳಿದರೆ ಪ್ರತಿ ಮೀನಿನಲ್ಲೂ ಎರಡೆರಡು ಗಟ್ಟಿ ಮೊಟ್ಟೆಗಡ್ಡೆ. ಹಿಟ್ಟು ಸವರಿ ಹುರಿದು ಬಡಿಸಿದೆವು, ಗಿರಾಕಿಗಳು ಕೇಳಿ ಕೇಳಿ ಹಾಕಿಸಿಕೊಂಡರು. ಈಗ ಹಳೆಯ ಲೆಕ್ಕದ ಪುಸ್ತಕ ತೆರೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಗ ವಾರ ವಾರ ಬರೆಯುತ್ತಿದ್ದ ಬಾಳೆಮೀನಿನ ಹೆಸರು ಈಚಿನ ಪುಟಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಅಂದು ಬಾಣಲೆಗೆ ಹಾಕಿದ್ದು ಮುಂದಿನ ವರ್ಷಗಳ ಮೀನನ್ನು.

ಅದಾದ ಮೇಲೆ ಮೀನು ಆರಿಸುವ ರೀತಿಯನ್ನೇ ಬದಲಾಯಿಸಿದೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಸಂತೆಗಳಲ್ಲಿ ನಮ್ಮ ಮುಂದೆ ಇರುವ ಆಯ್ಕೆಗಳು ನಾಲ್ಕೈದೇ. ತುಂಗಭದ್ರಾ ಡ್ಯಾಂ ಮೀನು, ಹೊಳೆಯಲ್ಲಿ ತಾನಾಗಿ ಹುಟ್ಟಿದ ಮೀನು, ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆಯ ಹೊಂಡದ ಮೀನು, ಆಂಧ್ರದಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬರುವ ಮೀನು, ಕರಾವಳಿಯಿಂದ ರಾತ್ರಿ ಲಾರಿಯಲ್ಲಿ ಬರುವ ಕಡಲ ಮೀನು. ತಾಜಾತನದಲ್ಲಿ ಯಾವುದು ಮುಂದು ಎಂದು ಎಲ್ಲರೂ ಹೇಳಬಲ್ಲರು. ಯಾವುದನ್ನು ಕೊಂಡರೆ ಹತ್ತು ವರ್ಷದ ನಂತರವೂ ಅದೇ ಮೀನು ಸಿಗುತ್ತದೆ ಎಂಬುದೇ ನನ್ನ ಪ್ರಶ್ನೆ.

ಜಗತ್ತಿನಲ್ಲಿ ಮೀನುಗಾರಿಕೆಗೆ ಸರ್ಟಿಫಿಕೇಟ್ ಕೊಡುವ ಮೆರೈನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್ ಎಂಬ ಸಂಸ್ಥೆಯಿದೆ. ಭಾರತದಲ್ಲಿ ಅದರ ಮುದ್ರೆ ಮೊದಲು ಸಿಕ್ಕಿದ್ದು 2014ರಲ್ಲಿ, ಕೇರಳದ ಅಷ್ಟಮುಡಿ ಸರೋವರದ ಚಿಪ್ಪುಮೀನಿಗೆ. ಅವರು ಕೇಳುವುದು ಮೂರು ಮಾತು. ಹಿಡಿದ ಮೇಲೂ ಸಂತಾನಕ್ಕೆ ಸಾಕಾಗುವಷ್ಟು ಮೀನು ನೀರಿನಲ್ಲಿ ಉಳಿದಿದೆಯೇ? ಹಿಡಿಯುವಾಗ ಬೇರೆ ಜೀವಗಳಿಗೆ, ನೀರಿನ ತಳಕ್ಕೆ ಪೆಟ್ಟು ಬೀಳುತ್ತಿದೆಯೇ? ಇದನ್ನೆಲ್ಲ ನೋಡಿಕೊಳ್ಳುವ ಕಟ್ಟುಪಾಡು ಇದೆಯೇ, ಅದು ನಡೆಯುತ್ತದೆಯೇ? ನಮ್ಮ ಸಂತೆಯ ಬುಟ್ಟಿಗೆ ಯಾವ ಮುದ್ರೆಯೂ ಇರುವುದಿಲ್ಲ. ಆದರೆ ಈ ಮೂರು ಪ್ರಶ್ನೆಯನ್ನು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತೂ ಕೇಳಬಹುದು. ಉತ್ತರದ ಅರ್ಧ ಮೀನಿನ ಮೈಮೇಲೆಯೇ ಇರುತ್ತದೆ.

ಮೊದಲು ಡ್ಯಾಂ ಮೀನು. 1953ರಿಂದ ನೀರು ನಿಂತಿರುವ ತುಂಗಭದ್ರಾ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಹೂಳಿನಿಂದಾಗಿ ಈಗ 105.788 ಟಿಎಂಸಿಗೆ ಇಳಿದಿದೆ. ಹೂಳಿನ ಮಾತು ಬಂದಾಗ ಎಲ್ಲರೂ ಭತ್ತದ ಚಿಂತೆ ಮಾಡುತ್ತಾರೆ. ಮೀನಿನ ಮನೆಯೂ ಅಷ್ಟೇ ಕಿರಿದಾಗಿದೆ ಎನ್ನುವುದು ಯಾರ ನೆನಪಿಗೂ ಬರುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ಮೀನೆಲ್ಲ ಸಣ್ಣ ಜಾಗಕ್ಕೆ ಸೇರಿದಾಗ ಹಿಡಿಯುವುದು ಸಲೀಸು, ಬರಿದು ಮಾಡುವುದೂ ಸಲೀಸು.

ಇಲ್ಲಿ ಒಂದು ಭೇದ ಗೊತ್ತಿರಬೇಕು. ಡ್ಯಾಮಿನ ಕಾಟ್ಲಾ, ರೋಹು, ಮೃಗಾಲ್ ಮೂಲದಲ್ಲಿ ಉತ್ತರದ ಗಂಗಾ ಬಯಲಿನ ಮೀನುಗಳು. ನಮ್ಮಲ್ಲಿ ಬಹುಮಟ್ಟಿಗೆ ಮರಿ ಬಿಟ್ಟು ಬೆಳೆಸಿದವು, ಅಂದರೆ ಬಿತ್ತಿದ ಬೆಳೆ. ಇದನ್ನು ಎಳೆಯದಾಗಿರುವಾಗಲೇ ಹಿಡಿದರೆ ಭತ್ತವನ್ನು ಹಾಲುಗಾಳಿನಲ್ಲೇ ಕೊಯ್ದಂತೆ. ಬೀಜದ ಖರ್ಚೂ ಹೋಯಿತು, ಕಾಳೂ ಸಿಗಲಿಲ್ಲ. ಎರಡು ಕಿಲೋ ಆಗಬಹುದಾಗಿದ್ದ ಕಾಟ್ಲಾವನ್ನು ಕಾಲು ಕಿಲೋ ಇರುವಾಗ ಹಿಡಿದವನು ಮೀನುಗಾರರ ಗಳಿಕೆಯನ್ನೇ ಎಂಟನೇ ಒಂದಕ್ಕೆ ಇಳಿಸಿದ. ಬಾಳೆಮೀನು, ಹರಗಿ, ಮಹಶೀರ್ ಇವುಗಳ ಕಥೆ ಬೇರೆ. ಇವನ್ನು ಹೊಳೆಯೇ ಹೆತ್ತು ಸಾಕಬೇಕು. ಇವು ಒಮ್ಮೆಯಾದರೂ ಮೊಟ್ಟೆಯಿಡುವ ಮೊದಲೇ ಬಲೆಗೆ ಬಿದ್ದರೆ ಬೀಜದ ಕಣಜಕ್ಕೇ ಬೆಂಕಿ. ಒಂದು ತಪ್ಪನ್ನು ಮುಂದಿನ ವರ್ಷ ಮರಿ ಬಿಟ್ಟು ಸರಿ ಮಾಡಬಹುದು. ಇನ್ನೊಂದು ತಪ್ಪಿಗೆ ಅಷ್ಟು ಸುಲಭದ ಮದ್ದಿಲ್ಲ.

ಬಲೆ ಯಾವುದು ಎಂಬುದು ಡ್ಯಾಂ ಮೀನಿನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಹರಿಗೋಲಿನಲ್ಲಿ ಹೋಗಿ ಸಂಜೆ ಕಟ್ಟಿ ಬೆಳಗ್ಗೆ ಎತ್ತುವ ಕಿವಿರು ಬಲೆ ಒಂದು. ಹತ್ತಾರು ಜನ ಸೇರಿ ದಡಕ್ಕೆ ಎಳೆಯುವ, ಸಣ್ಣ ಕಣ್ಣಿನ ಅಲಿವಿ ಬಲೆ ಇನ್ನೊಂದು. ಮೊದಲನೆಯದಕ್ಕೆ ಅಳತೆ ಇದೆ. ಕಣ್ಣಿಗಿಂತ ಸಣ್ಣ ಮೀನು ತೂರಿ ಹೋಗುತ್ತದೆ, ತೀರಾ ದೊಡ್ಡದು ಮೂತಿ ತಾಗಿಸಿ ಹಿಂದೆ ಸರಿಯುತ್ತದೆ. ಎರಡನೆಯದು ಕಸ ಗುಡಿಸಿದಂತೆ ಎಲ್ಲವನ್ನೂ ಎಳೆದು ತರುತ್ತದೆ. ಬೆರಳುದ್ದದ ಕಾಟ್ಲಾ ಮರಿಯೂ ಬರುತ್ತದೆ, ಒಣಗಿಸಿ ಮಾರುವ ಪುಡಿಮೀನೂ ಬರುತ್ತದೆ.

ಮುನಿರಾಬಾದ್ ದಡದಲ್ಲಿ ನಮಗೆ ಮೀನು ಕೊಡುವ ಗಂಗಾಮತದ ಹಿರಿಯರೊಬ್ಬರು ಒಂದು ಬೆಳಗ್ಗೆ ಒದ್ದೆ ಬಲೆಯ ಒಂದು ಕಣ್ಣನ್ನು ಹಿಗ್ಗಿಸಿ ತಮ್ಮ ಕೈಬೆರಳು ತೂರಿಸಿ ತೋರಿಸಿದರು. "ನೋಡ್ರಿ ಅವ್ವಾರ, ನಾಕು ಬೆಳ್ಳು ಹೋಗ್ತಾವ. ಕಿಲೋದ ಒಳಗಿನ ಮೀನು ಇದ್ರಾಗ ನಿಲ್ಲಂಗಿಲ್ಲ." ಆಮೇಲೆ ಒಂದು ರೋಹುವಿನ ಕಿವಿರಿನ ಹಿಂದೆ ಬೆರಳಿಟ್ಟರು. ಅಲ್ಲಿ ದಾರ ಕೊರೆದ ಗೆರೆ, ಹುರುಪೆ ಎದ್ದು ಉಂಗುರದ ಹಾಗೆ ಮೈಸುತ್ತ ಕಾಣುತ್ತಿತ್ತು. ಅಂದಿನಿಂದ ನಾನು ಮೊದಲು ಹುಡುಕುವುದು ಆ ಉಂಗುರವನ್ನೇ. ಬುಟ್ಟಿಯ ಮೀನುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯವಾಗಿದ್ದು ಕುತ್ತಿಗೆಯಲ್ಲಿ ಗೆರೆಯಿದ್ದರೆ ಅದು ಕಿವಿರು ಬಲೆಯ ಮೀನು. ಅಂಗೈಯಷ್ಟು ಉದ್ದದ್ದು, ಮೊಳದಷ್ಟು ಉದ್ದದ್ದು ಎಲ್ಲ ಕಲೆತು, ಕಿವಿರಿನಲ್ಲಿ ಕೆಸರು ತುಂಬಿದ್ದರೆ ಎಳೆಬಲೆಯದು. ಇನ್ನು ಹೊಟ್ಟೆ ಸೀಳಿದಾಗ ಗಾಳಿಚೀಲ ಒಡೆದಿದ್ದು, ಬೆನ್ನೆಲುಬಿನ ಗುಂಟ ರಕ್ತ ಹೆಪ್ಪುಗಟ್ಟಿದ್ದರೆ ಅದು ಸಿಡಿಮದ್ದು ಹಾಕಿ ಹಿಡಿದದ್ದು. ಆ ವ್ಯಾಪಾರಿಯ ಹತ್ತಿರ ಮತ್ತೆ ಹೋಗಬೇಡಿ. ಡ್ಯಾಮಿನ ಕೆಳಗೆ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿದೆ. ಸಿಡಿಮದ್ದು ಮೀನನ್ನಷ್ಟೇ ಕೊಲ್ಲುವುದಿಲ್ಲ. ಆನೆಗೊಂದಿ ಬಂಡೆಗಳ ನಡುವೆ ಮರಿ ಕಟ್ಟಿಕೊಂಡು ಈಜುವ ನೀರುನಾಯಿ ಕುಟುಂಬವನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಆ ಸದ್ದು ಎದೆಗೇ ಬಡಿದಂತಾಗುತ್ತದೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಕಿವಿರು ಬಲೆಯ, ಒಂದೂವರೆ ಕಿಲೋ ಮೇಲ್ಪಟ್ಟ ಡ್ಯಾಂ ಕಾಟ್ಲಾ ಅಥವಾ ರೋಹು ಒಳ್ಳೆಯ ಆಯ್ಕೆ. ಖಾನಾವಳಿಯವರಿಗೆ ಅಡುಗೆಯ ಲಾಭವೂ ಇದೆ. ಕಾಟ್ಲಾ, ರೋಹು ಸೇರುವ ಗೆಂಡೆ ಜಾತಿಯ ಸಣ್ಣ ಮೀನಿನಲ್ಲಿ ಕವಲೊಡೆದ ಸೂಜಿಮುಳ್ಳು ಮಾಂಸದೊಳಗೆ ಹುದುಗಿರುತ್ತದೆ, ಊಟಕ್ಕೆ ಕೂತ ಮಕ್ಕಳು ಅಳುತ್ತವೆ. ದೊಡ್ಡ ಮೀನಿನಲ್ಲಿ ಅದೇ ಮುಳ್ಳು ಕೈಗೆ ಸಿಗುವಷ್ಟು ದಪ್ಪಗಿರುತ್ತದೆ. ಕಿಲೋಗೆ ದರ ಹೆಚ್ಚು ಕೊಟ್ಟರೂ ತಟ್ಟೆಯಲ್ಲಿ ಉಳಿಯುವ ವ್ಯರ್ಥ ಕಡಿಮೆ. ತಲೆಯ ಸಾರಿಗೆ ಬೇರೆಯೇ ಗಿರಾಕಿಗಳಿದ್ದಾರೆ.

ಬಾಳೆಮೀನು, ಮಹಶೀರ್, ಹರಗಿ ಸಿಕ್ಕರೆ ನಾನು ಕೊಳ್ಳುವುದಿಲ್ಲ. ಬಾಳೆಮೀನನ್ನು ಅಳಿವಿನ ಅಪಾಯದ ಪಟ್ಟಿಗೆ ಸೇರಿಸಿ ಆಗಿದೆ. ಉಳಿದ ಹೊಳೆಮೀನು ಜೂನ್‌ನಿಂದ ಆಗಸ್ಟ್‌ವರೆಗೆ ಬೇಡ. ಹೊಸ ನೀರು ಕೆಂಪಗೆ ಇಳಿದು ಬರುವಾಗ ಮೀನು ಎದುರು ಹತ್ತಿ ಮೊಟ್ಟೆಯಿಡಲು ಹೋಗುತ್ತದೆ, ಆಗ ಹಿಡಿಯುವುದು ಬಸುರಿಯನ್ನು ದಾರಿಯಲ್ಲಿ ತಡೆದಂತೆ. ಒಂದು ದೊಡ್ಡ ಹೆಣ್ಣು ಗೆಂಡೆಯ ಹೊಟ್ಟೆಯಲ್ಲಿ ಲಕ್ಷಕ್ಕೂ ಮೀರಿ ಮೊಟ್ಟೆ ಇರುತ್ತದೆ. ಮೊಟ್ಟೆ ಇರುವ ಮೀನು ರುಚಿ ಎನ್ನುವ ಗಿರಾಕಿಗೆ ನಾನು ಈಗ ಇಲ್ಲ ಎಂದೇ ಹೇಳುತ್ತೇನೆ. ಕೆಲವರು ಮುನಿಸಿಕೊಂಡು ಎದ್ದು ಹೋಗಿದ್ದಾರೆ, ಹೋಗಲಿ.

ಕಾಲುವೆ ಮೀನಿನ ಬಗ್ಗೆ ಕೇಳುವವರಿದ್ದಾರೆ. ಎಡದಂಡೆ ಕಾಲುವೆಗೆ ನೀರು ನಿಲ್ಲಿಸಿದ ಮೇಲೆ ಗುಂಡಿಗಳಲ್ಲಿ ಉಳಿದ ಮೀನು ಹೇಗೂ ನೀರು ಬತ್ತಿ ಸಾಯುವಂಥದ್ದು. ಅದನ್ನು ಹಿಡಿದು ತಿಂದರೆ ಯಾರಿಗೂ ನಷ್ಟವಿಲ್ಲ. ಗುಂಡಿಗೆ ಬ್ಲೀಚಿಂಗ್ ಪೌಡರೋ ಕ್ರಿಮಿನಾಶಕವೋ ಸುರಿದು ಮೀನು ತೇಲಿಸಿದ್ದಾರೆಯೇ ಎಂಬುದನ್ನು ಮಾತ್ರ ವಿಚಾರಿಸಿ.

ಇನ್ನು ಹೊಂಡದ ಮೀನು. ನಮ್ಮ ಭಾಗಕ್ಕೆ ಇದು ಹೊಳೆಯ ಮೇಲಿನ ಭಾರ ಇಳಿಸಬಲ್ಲ ಆಯ್ಕೆ ಎಂದು ನಾನು ನಂಬುತ್ತೇನೆ, ಷರತ್ತುಗಳೊಂದಿಗೆ. ಕಾಟ್ಲಾ, ರೋಹು, ಮೃಗಾಲ್‌ನಂಥ ಗೆಂಡೆ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಹಿಂದೆ ಸಾಕುವವರು ಹೊಳೆಯಿಂದಲೇ ಮರಿ ಬಾಚಿ ತರಬೇಕಿತ್ತು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಜೊತೆಯವರು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಇವತ್ತು ಸಿಂಧನೂರಿನ ರೈತ ಹೊಳೆಯ ಒಂದು ಮರಿಯನ್ನೂ ಮುಟ್ಟದೆ ಹೊಂಡ ತುಂಬಿಸಬಲ್ಲನೆಂದರೆ ಅದಕ್ಕೆ ಆ ಕೆಲಸವೇ ಬೇರು.

ಹೊಂಡದೊಳಗಿನ ಸಂಸಾರವೂ ಚೆಂದ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಬ್ಬರ ಅನ್ನಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಮೇಲುಮೇವು ಎಂದರೆ ಅಕ್ಕಿ ತೌಡು, ಶೇಂಗಾ ಹಿಂಡಿ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಪಕ್ಕದಲ್ಲಿ ತೌಡಿಗೆ ಏನು ಕೊರತೆ? ಮೀನು ಬೆಳೆಸಲು ಇನ್ನೊಂದು ಮೀನನ್ನು ಕೊಲ್ಲಬೇಕಿಲ್ಲ ಎನ್ನುವುದೇ ಇದರ ದೊಡ್ಡ ಗುಣ. ಸಿಗಡಿಯನ್ನೋ ಕೊರಮೀನನ್ನೋ ಸಾಕುವಾಗ ಈ ಮಾತು ಹೇಳಲಾಗದು. ಅವುಗಳ ಗುಳಿಗೆ ಮೇವಿನಲ್ಲಿ ಮೀನಿನ ಪುಡಿ ಇರುತ್ತದೆ, ಅದಕ್ಕೆ ಕರಾವಳಿಯ ಕಾರ್ಖಾನೆಗಳಲ್ಲಿ ಬೂತಾಯಿಯಂಥ ಸಣ್ಣ ಕಡಲ ಮೀನನ್ನು ಟನ್‌ಗಟ್ಟಲೆ ಅರೆಯುತ್ತಾರೆ. ಹೊಂಡದ ಸಿಗಡಿ ತಿಂದು ಕಡಲನ್ನು ಉಳಿಸಿದೆ ಎಂದುಕೊಂಡರೆ ಅದು ಅರ್ಧ ಸತ್ಯ.

ಷರತ್ತುಗಳ ಮಾತಿಗೆ ಬರುತ್ತೇನೆ. ಹೊಂಡ ಎಲ್ಲಿ ತೋಡಿದ್ದು? ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಅತಿ ನೀರಾವರಿಯಿಂದ ಸವಳು, ಜವಳು ಹಿಡಿದ ನೆಲ ಬೇಕಾದಷ್ಟಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅದರ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಭತ್ತ ಕೈಕೊಟ್ಟ ಅಂಥ ಜವಳು ನೆಲದಲ್ಲಿ ಹೊಂಡ ತೋಡಿದರೆ ಸತ್ತ ನೆಲಕ್ಕೆ ಜೀವ ಬಂದಂತೆ. ಒಳ್ಳೆಯ ಗದ್ದೆ ಅಗೆದು, ಕಾಲುವೆಗೆ ಪಂಪ್ ಇಟ್ಟು ನೀರೆಳೆದು ಹೊಂಡ ತುಂಬಿಸುವುದು ಬೇರೆ ಮಾತು. ಆ ನೀರು ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತನ ಪಾಲು. ಕಾಲುವೆಯ ತುದಿಯಲ್ಲಿ ನೀರಿಗಾಗಿ ರಸ್ತೆಯಲ್ಲಿ ಕೂತವರನ್ನು ನೋಡಿದವರು ಯಾರೂ ಅಂಥ ಹೊಂಡದ ಮೀನನ್ನು ನಿಶ್ಚಿಂತೆಯಿಂದ ತಿನ್ನಲಾರರು. ಎರಡನೆಯದು, ಹೊಂಡ ಖಾಲಿ ಮಾಡುವಾಗ ಕೊಳಕು ನೀರು ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೆ ಬಿಡುವವರಿದ್ದಾರೆ, ಗದ್ದೆಗೆ ಗೊಬ್ಬರದ ನೀರಾಗಿ ಹರಿಸುವ ಜಾಣರೂ ಇದ್ದಾರೆ. ನಾವು ಮೀನು ತರುವ ರೈತನೊಬ್ಬ ಎರಡನೆಯ ಬಗೆಯವನು. ಅವನ ಹೊಂಡದ ಕೆಳಗಿನ ಮಡಿಯ ಹಸಿರು ನೋಡಿದರೆ ಕಣ್ಣು ತಂಪಾಗುತ್ತದೆ.

ರುಚಿಯ ದೂರು ಒಂದಿದೆ, ಕೆಸರು ವಾಸನೆ. ಮಾರುವ ಮೊದಲು ಕೆಲವು ದಿನ ಮೇವು ನಿಲ್ಲಿಸಿ ತಿಳಿನೀರಿನಲ್ಲಿ ಬಿಟ್ಟರೆ ವಾಸನೆ ಇಳಿಯುತ್ತದೆ. ಮನೆಯಲ್ಲಾದರೆ ಹುಣಸೆರಸದಲ್ಲಿ ಅರ್ಧ ಗಂಟೆ ನೆನೆಸಿ.

ಹೊಂಡದಲ್ಲೇ ಬೆಳೆದರೂ ನಾನು ಮುಟ್ಟದ ಮೀನು ಆಫ್ರಿಕನ್ ಕ್ಯಾಟ್‌ಫಿಶ್. ದೇಶದಲ್ಲಿ ಇದರ ಸಾಕಣೆಗೇ ನಿಷೇಧವಿದೆ. ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಬೆಳೆಸುತ್ತಾರೆ, ಮಳೆಗೆ ಒಡ್ಡು ಒಡೆದರೆ ಹೊಳೆಗೆ ಸೇರಿ ಸಿಕ್ಕಿದ ಮೀನನ್ನೆಲ್ಲ ನುಂಗುತ್ತದೆ. ಇದು ಸಂತೆಗಳಲ್ಲಿ ಬೇರೆ ಬೇರೆ ಹೆಸರಲ್ಲಿ ಬರುತ್ತದೆ. ಚಪ್ಪಟೆ ತಲೆ, ನಾಲ್ಕು ಜೊತೆ ಮೀಸೆ, ಬೆನ್ನುದ್ದಕ್ಕೂ ಒಂದೇ ರೆಕ್ಕೆ ಇದ್ದರೆ ಎಚ್ಚರ. ನಮ್ಮ ನಾಡಿನ ತಳಿಗೂ ಇದೇ ಚಹರೆ ಇರುವುದರಿಂದ ಗೊತ್ತಿದ್ದವರನ್ನು ಕೇಳಿ. ಜಿಲೇಬಿ ಮೀನು, ಅಂದರೆ ತಿಲಾಪಿಯಾ, 1952ರಲ್ಲಿ ದೇಶಕ್ಕೆ ಬಂದದ್ದು, ಈಗ ಕೆರೆ ಹೊಳೆಗಳಲ್ಲೆಲ್ಲ ತುಂಬಿದೆ. ಹೊಳೆಯಲ್ಲಿ ಹಿಡಿದ ಜಿಲೇಬಿಯನ್ನು ಧಾರಾಳವಾಗಿ ಕೊಳ್ಳಿ, ಎಷ್ಟು ಹಿಡಿದರೂ ನಾಡಿನ ಮೀನಿಗೆ ಒಳ್ಳೆಯದೇ.

ಊರ ಕೆರೆಯ ಮೀನಿನ ಗುಣ ಗುತ್ತಿಗೆಯ ಅವಧಿಯ ಮೇಲೆ ನಿಂತಿದೆ. ಐದು ವರ್ಷಕ್ಕೆ ಕೆರೆ ಹಿಡಿದ ಮೀನುಗಾರರ ಸಂಘ ಮರಿ ಬಿಡುತ್ತದೆ, ಕಾಯುತ್ತದೆ. ಒಂದೇ ಹಂಗಾಮಿಗೆ ಒಳಗುತ್ತಿಗೆ ಹಿಡಿದವನು ತಳ ಕೆರೆದು ಹೋಗುತ್ತಾನೆ. ಗುತ್ತಿಗೆ ಯಾರದು ಎಂದು ಕೇಳಿದರೆ ಊರಲ್ಲಿ ಯಾರಾದರೂ ಹೇಳುತ್ತಾರೆ.

ಆಂಧ್ರದ ಪೆಟ್ಟಿಗೆ ಮೀನು ಅಗ್ಗ, ವರ್ಷವಿಡೀ ಸಿಗುತ್ತದೆ. ಆದರೆ ಎಲ್ಲಿ ಬೆಳೆದದ್ದೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಕೊಲ್ಲೇರು ಸರೋವರದ ಒಳಗೇ ಒಡ್ಡು ಹಾಕಿ ಮಾಡಿದ ಮೀನುಹೊಂಡಗಳನ್ನು 2006ರಲ್ಲಿ ಸರ್ಕಾರವೇ ಒಡೆಸಬೇಕಾಯಿತು. ಅದು 2002ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ, ಹಕ್ಕಿಗಳ ತವರಾದ ಸರೋವರ. ಹತ್ತಿರದಲ್ಲೇ ಹೊಂಡದ ರೈತ ಸಿಗುವಾಗ ನೂರಾರು ಮೈಲಿ ದೂರದ, ಹುಟ್ಟು ತಿಳಿಯದ ರೋಹು ಯಾಕೆ?

ಕಡಲ ಮೀನಿನಲ್ಲಿ ತಿಂಗಳು ನೋಡಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನದ ನಿಷೇಧ. ಜುಲೈ ನಡುವೆ ಬಳ್ಳಾರಿಯಲ್ಲಿ ಮಲ್ಪೆಯ ತಾಜಾ ಬಂಗುಡೆ ಎಂದು ರಾಶಿ ಹಾಕಿ ಮಾರಿದರೆ ಅದು ಐಸ್ ಗೋದಾಮಿನದೋ, ಪೂರ್ವದ ಕಡಲಿನದೋ, ಸಣ್ಣ ನಾಡದೋಣಿಯದೋ ಎಂದು ವಿಚಾರಿಸಿ. ಜೂನ್ ಮೊದಲ ಎರಡು ವಾರ ಎರಡೂ ಕಡಲಲ್ಲಿ ಯಾಂತ್ರಿಕ ದೋಣಿ ಬಂದ್, ಆಗ ನಮ್ಮಲ್ಲಿ ಕಡಲ ಮೀನೇ ಇಲ್ಲ.

ಸಣ್ಣ, ಬೇಗ ಬೆಳೆಯುವ ಬಂಗುಡೆ, ಬೂತಾಯಿ ದೊಡ್ಡ ಬೇಟೆಮೀನಿಗಿಂತ ವಾಸಿ. ಹಾಗೆಂದು ಅವು ಮುಗಿಯುವುದೇ ಇಲ್ಲವೆಂದಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕ ಬೂತಾಯಿ 2021ರಲ್ಲಿ 4 ಸಾವಿರ ಟನ್ನಿಗೂ ಕೆಳಗೆ ಕುಸಿಯಿತು. ಕಡಲಿನ ಬಿಸಿ ಬದಲಾದದ್ದೂ ಕಾರಣ, ಮರಿಗಳನ್ನು ಬಾಚಿದ್ದೂ ಕಾರಣ. ಕೇರಳ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಉದ್ದವೆಂದು ಕಾನೂನು ಮಾಡಿದೆ. ನಾನು ಬಂಗುಡೆಯನ್ನು ಕೈಮೇಲೆ ಇಟ್ಟು ನೋಡುತ್ತೇನೆ. ಮಣಿಕಟ್ಟಿನಿಂದ ನಡುಬೆರಳ ತುದಿ ಮುಟ್ಟಿದರೆ ಅದು ಮೊಟ್ಟೆಯಿಡುವ ಪ್ರಾಯಕ್ಕೆ ಬಂದ ಮೀನು. ಅಂಜಲ್ ಪ್ರಾಯಕ್ಕೆ ಬರಲು ಮುಕ್ಕಾಲು ಮೀಟರಿನ ಹತ್ತಿರ ಬೆಳೆಯಬೇಕು. ತಟ್ಟೆಯಲ್ಲಿ ಇಡಿಯಾಗಿ ಹಿಡಿಸುವ ಅಂಜಲ್ ಕೂಸು. ಎಲ್‌ಇಡಿ ದೀಪ ಹಾಕಿ ಹಿಡಿಯುವುದನ್ನೂ, ಜೋಡಿ ದೋಣಿಯಿಂದ ಬಲೆ ಎಳೆದು ಹಿಡಿಯುವುದನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೆ ಮುನ್ನೂರು ಕಿಲೋಮೀಟರ್ ಆಚೆ ಏನು ನಡೆಯಿತೆಂದು ನಾನು ಇಲ್ಲಿ ಕೂತು ಪತ್ತೆ ಮಾಡಲಾರೆ. ಕಡಲ ಮೀನನ್ನು ನಾನು ಕೊನೆಗಿಡುವುದು ಇದೇ ಕಾರಣಕ್ಕೆ. ಮುನಿರಾಬಾದ್ ದಡಕ್ಕೆ ನಾನೇ ಹೋಗಬಲ್ಲೆ, ಬಲೆಯ ಕಣ್ಣಿಗೆ ಬೆರಳು ತೂರಿಸಬಲ್ಲೆ.

ನಮ್ಮ ಖಾನಾವಳಿಯ ವರ್ಷ ಈಗ ಹೀಗೆ ಸಾಗುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಡ್ಯಾಂ ಕಾಟ್ಲಾ, ರೋಹು, ನಡುವೆ ತಿಂಗಳಿಗೆರಡು ಸಲ ಬಂಗುಡೆ. ಏಪ್ರಿಲ್, ಮೇನಲ್ಲಿ ಡ್ಯಾಂ ನೀರು ತಳ ಕಂಡಾಗ ಅಲ್ಲಿಂದ ತರುವುದನ್ನು ಅರ್ಧಕ್ಕೆ ಇಳಿಸಿ ಜಿಲೇಬಿ, ಹೊಂಡದ ಮೃಗಾಲ್. ಜೂನ್‌ನಿಂದ ಆಗಸ್ಟ್ ಪೂರ್ತಿ ಹೊಂಡದ ಮೀನು ಮಾತ್ರ. ಸೆಪ್ಟೆಂಬರ್‌ನಲ್ಲಿ ನೀರು ತಿಳಿಯಾಗುವವರೆಗೆ ಕಾಯುತ್ತೇವೆ. ಮನೆಮಟ್ಟಿಗೆ ಕೊಳ್ಳುವವರಿಗೆ ಇಷ್ಟು ಲೆಕ್ಕ ಬೇಡ, ಮಳೆಗಾಲದಲ್ಲಿ ಹೊಂಡ, ಉಳಿದ ಕಾಲದಲ್ಲಿ ಕುತ್ತಿಗೆಗೆ ಗೆರೆಯಿರುವ ದೊಡ್ಡ ಡ್ಯಾಂ ಮೀನು ಎಂದು ನೆನಪಿಟ್ಟರೆ ಸಾಕು. ಮದುವೆ, ಬೀಗರೂಟಕ್ಕೆ ಕ್ವಿಂಟಲ್ ಲೆಕ್ಕದಲ್ಲಿ ಬೇಕಾದವರು ಒಂದು ತಿಂಗಳು ಮುಂಚೆಯೇ ಹೊಂಡದ ರೈತನಿಗೆ ಹೇಳಿಡಿ. ಹಿಂದಿನ ದಿನ ದಡಕ್ಕೆ ಬಂದು ಎಷ್ಟಾದರೂ ಸರಿ ಬೇಕು ಎಂದು ಕೂಗುವ ಗಿರಾಕಿಗಾಗಿಯೇ ಸಣ್ಣ ಕಣ್ಣಿನ ಬಲೆ ನೀರಿಗೆ ಇಳಿಯುತ್ತದೆ.

ಮಳೆಗಾಲದ ಮೂರು ತಿಂಗಳು ನಾವು ಡ್ಯಾಂ ಮೀನು ಕೊಳ್ಳದಿದ್ದರೆ ಆ ಹಿರಿಯರ ಮನೆ ಹೇಗೆ ನಡೆಯಬೇಕು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ಕೊನೆಗೆ ಮೇ ತಿಂಗಳಲ್ಲೇ ಅವರಿಗೆ ಮುಂಗಡ ಕೊಟ್ಟು, ಅಕ್ಟೋಬರ್‌ನಿಂದ ಮೀನಿನಲ್ಲಿ ತೀರಿಸಿಕೊಳ್ಳುವುದೆಂದು ಮಾತಾಯಿತು. ಬಡ್ಡಿಯ ಮಾತೇ ಇಲ್ಲ. ಈ ವರ್ಷದ ಮುಂಗಡದಲ್ಲಿ ಅವರು ಹೊಸ ಬಲೆ ಕೊಂಡಿದ್ದಾರೆ, ಐದು ಬೆರಳಿನ ಕಣ್ಣಿನದು.